ಕಣದಲ್ಲಿ ಕೂಡಿಟ್ಟ ಬೆಳಕು

(ಡಿಸೆಂಬರ್ ತಿಂಗಳ ಒಂದು ಸಂಜೆ ಮಡಿಕೇರಿಯಲ್ಲಿ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ. ಈ ಚಳಿಯಲ್ಲಿ, ಅದೂ ಕಾಫಿ ಕೊಯ್ಲಿನ ಸಮಯದಲ್ಲಿ, ಇಷ್ಟು ಜನ ಬಂದಿದ್ದೀರಿ. ಕೆಲಸದವರ ಲೆಕ್ಕ ಬರೆದು, ಪಲ್ಪರ್ ನಿಲ್ಲಿಸಿ, ಸ್ವೆಟರ್ ಹಾಕಿಕೊಂಡು ನೇರ ಇಲ್ಲಿಗೆ ಬಂದವರೂ ಇದ್ದೀರಿ. ನಾನೂ ಹಾಗೇ ನಾಪೋಕ್ಲು ಕಡೆಯಿಂದ ಬಂದವನು. ರಾತ್ರಿ ಹೊತ್ತು ಗ್ಯಾಲಕ್ಸಿಗಳ, ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಗುಂಪುಗಳ, ಫೋಟೋ ತೆಗೆಯುವುದು ನನ್ನ ಹವ್ಯಾಸ.

ಹೊರಗೆ ಕಾಫಿ ಕುಡಿಯುವಾಗ ಒಬ್ಬರು ಹಿರಿಯರು ಕೇಳಿದರು: "ನಿನ್ನ ಟೆಲಿಸ್ಕೋಪ್ ಎಷ್ಟು ಪಟ್ಟು ದೊಡ್ಡದು ಮಾಡಿ ತೋರಿಸ್ತದೆ ಮಗಾ?" ಎಲ್ಲರೂ ಕೇಳುವ ಪ್ರಶ್ನೆ ಇದು. ಇವತ್ತಿನ ಮಾತೆಲ್ಲ ಅದಕ್ಕೇ ಉತ್ತರ ಅಂದುಕೊಳ್ಳಿ. ಯಾಕೆಂದರೆ ದೊಡ್ಡದು ಮಾಡುವುದು ಇಲ್ಲಿ ಕೆಲಸವೇ ಅಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿ ಆಕಾಶದಲ್ಲಿ ಎಷ್ಟು ಉದ್ದ ಇದೆ ಗೊತ್ತಾ? ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಅಷ್ಟು ದೊಡ್ಡದು ತಲೆ ಮೇಲೆ ಇದ್ದರೂ ಬರಿಗಣ್ಣಿಗೆ ಕಾಣುವುದು ನಡುವಿನ ಒಂದು ಚೂರು ಮಬ್ಬು ಮಾತ್ರ. ಅದು ಸಣ್ಣದಾಗಿರುವುದರಿಂದಲ್ಲ, ಮಂದವಾಗಿರುವುದರಿಂದ.

ನನ್ನ ಟೆಲಿಸ್ಕೋಪಿನ ಮುಂದಿನ ಗಾಜು 80 ಮಿಲಿಮೀಟರ್. ಸ್ಟೀಲ್ ಲೋಟದ ಬಾಯಿಯಷ್ಟು. ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಿಕ್ಕಿಸಿದ್ದೇನೆ. ಕಣ್ಣಿಗೂ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸ ಇಷ್ಟೇ: ಕಣ್ಣು ಬಂದ ಬೆಳಕನ್ನು ಒಂದು ಕ್ಷಣದೊಳಗೆ ಖರ್ಚು ಮಾಡಿಬಿಡುತ್ತದೆ. ಕ್ಯಾಮೆರಾ ಕೂಡಿಡುತ್ತದೆ.

ಈ ಗುಟ್ಟು ಹೊಸದೇನಲ್ಲ. ಐಸಾಕ್ ರಾಬರ್ಟ್ಸ್ ಅಂತ ಒಬ್ಬರಿದ್ದರು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಕಟ್ಟಡ ಕಟ್ಟಿಸುತ್ತಿದ್ದವರು. ಹವ್ಯಾಸಕ್ಕೆ ಆಕಾಶ ನೋಡುತ್ತಿದ್ದರು. 1888ರ ಡಿಸೆಂಬರ್‌ನಲ್ಲಿ, ಹೆಚ್ಚುಕಡಿಮೆ ಇದೇ ದಿನಗಳಲ್ಲಿ, 20 ಇಂಚಿನ ಕನ್ನಡಿಯ ಟೆಲಿಸ್ಕೋಪಿನಿಂದ ಆಂಡ್ರೊಮಿಡಾದ ಫೋಟೋ ತೆಗೆದರು. ಗಂಟೆಗಟ್ಟಲೆ ಬೆಳಕು ಕುಡಿದ ಗಾಜಿನ ಪ್ಲೇಟಿನಲ್ಲಿ ಸುರುಳಿ ಸುರುಳಿಯಾದ ರೂಪ ಬಂತು. ಕಣ್ಣಿಟ್ಟು ನೋಡಿದವರಿಗೆ ಅದು ಹಾಗೆ ಕಂಡಿರಲಿಲ್ಲ. ಆಗ ಅದೊಂದು ಗ್ಯಾಲಕ್ಸಿ ಅಂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ನಮ್ಮ ಹಾಲುಹಾದಿಯ ಒಳಗಿನದೇ ಒಂದು ಮೋಡ ಅಂತಲೇ ಬಹಳ ಜನ ನಂಬಿದ್ದರು. 1923ರಲ್ಲಿ ಎಡ್ವಿನ್ ಹಬಲ್ ಅದರೊಳಗೆ ಹೊಳಪು ಏರಿಳಿಯುವ ಒಂದು ನಕ್ಷತ್ರ ಹಿಡಿದ ಮೇಲೆ ಅದು ಎಷ್ಟು ದೂರ ಅನ್ನುವುದು ಗೊತ್ತಾಯಿತು. ಇವತ್ತಿನ ಲೆಕ್ಕದಲ್ಲಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ, ಅಂದರೆ ಬೆಳಕು ಇಲ್ಲಿ ಮುಟ್ಟಲಿಕ್ಕೆ ಅಷ್ಟು ವರ್ಷ ಬೇಕು.

ಈಗ ಕೂಡಿಡುವುದು ಅಂದರೆ ಏನು, ನೋಡೋಣ. ಎಲ್ಲರ ಮನೆಯಲ್ಲೂ ಕಾಫಿ ಒಣಗಿಸುವ ಕಣ ಇದೆ ಅಲ್ವಾ? ಸಿಮೆಂಟ್ ಕಣ, ಚೌಕ ಚೌಕ ಗೆರೆ ಎಳೆದಿರುತ್ತಾರೆ. ಮಾರ್ಚ್‌ನಲ್ಲಿ ಮಳೆ ಶುರುವಾಗುವಾಗ ಜಗಲಿಯಲ್ಲಿ ನಿಂತು ಆ ಕಣ ನೋಡಿ. ಮೊದಲ ಹನಿಗಳು ಟಪ್ ಟಪ್ ಅಂತ ಬೀಳುತ್ತವೆ. ಒಂದು ಚೌಕದಲ್ಲಿ ಆರು ಹನಿ, ಪಕ್ಕದ್ದರಲ್ಲಿ ಎರಡು, ಇನ್ನೊಂದರಲ್ಲಿ ಒಂದೂ ಇಲ್ಲ. ಮಳೆ ಎಲ್ಲ ಕಡೆ ಒಂದೇ ಸಮ ಬರುತ್ತಿದೆ, ಆದರೆ ಕಣ ಮಾತ್ರ ಚುಕ್ಕೆ ಚುಕ್ಕೆ. ಯಾವ ಕಡೆ ಮಳೆ ಜಾಸ್ತಿ ಅಂತ ಆಗ ಹೇಳಲಿಕ್ಕೆ ಆಗುವುದಿಲ್ಲ. ಮಳೆ ಹತ್ತು ನಿಮಿಷ ಬಿಡದೆ ಬರಲಿ. ಎಲ್ಲ ಚೌಕಗಳೂ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಆಗ ಸೂರಿನ ಮರೆಯಲ್ಲಿ ಚೂರೇ ಚೂರು ಕಡಿಮೆ ನೆಂದ ಜಾಗ ಇದ್ದರೂ ಅದು ಎದ್ದು ಕಾಣುತ್ತದೆ.

ಬೆಳಕೂ ಹನಿ ಹನಿಯಾಗಿಯೇ ಬರುತ್ತದೆ. ಕ್ಯಾಮೆರಾದ ಸೆನ್ಸರ್ ಕೂಡ ಚೌಕಗಳ ಕಣವೇ. ಒಂದು ಚೌಕಕ್ಕೆ ಸರಾಸರಿ 4 ಹನಿ ಬಿದ್ದರೆ ಏರುಪೇರು 2, ಅಂದರೆ ಅರ್ಧಕ್ಕರ್ಧ. 100 ಹನಿ ಬಿದ್ದರೆ ಏರುಪೇರು 10, ಹತ್ತರಲ್ಲಿ ಒಂದು ಪಾಲು. ಅದಕ್ಕೇ ನಾನು 3 ನಿಮಿಷದ ಫೋಟೋ ಒಂದಲ್ಲ, 100 ತೆಗೆಯುತ್ತೇನೆ. ಒಟ್ಟು 5 ಗಂಟೆ. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಈ ಏರುಪೇರು ಹತ್ತು ಪಟ್ಟು ಇಳಿಯುತ್ತದೆ. ಇದಕ್ಕೆ ಸ್ಟ್ಯಾಕಿಂಗ್ ಅನ್ನುತ್ತಾರೆ. ಇನ್ನೂ ಎರಡು ಪಟ್ಟು ಚೆನ್ನಾಗಿ ಬೇಕು ಅಂದರೆ 200 ಸಾಲದು, 400 ಬೇಕು. ಇಲ್ಲೇ ಈ ಹವ್ಯಾಸ ಮನುಷ್ಯನ ನಿದ್ದೆ ತಿನ್ನುವುದು.

ಪರದೆ ನೋಡಿ. ಎಡಗಡೆಯದು ಆಂಡ್ರೊಮಿಡಾದ ಒಂದೇ ಒಂದು 3 ನಿಮಿಷದ ಫೋಟೋ. ನಡುವೆ ಮಬ್ಬು, ಸುತ್ತ ರವೆ ಚೆಲ್ಲಿದ ಹಾಗೆ. ಬಲಗಡೆ ಅದೇ ಜಾಗದ ನೂರು ಫೋಟೋ ಸೇರಿಸಿದ್ದು. ಸುರುಳಿಯ ಕೈಗಳು, ಕಪ್ಪು ಧೂಳಿನ ಪಟ್ಟಿ, ಪಕ್ಕದ ಎರಡು ಮರಿ ಗ್ಯಾಲಕ್ಸಿ, ಎಲ್ಲ ಬಂದಿದೆ. "ಫೋಟೋಶಾಪ್ ತಾನೇ?" ಅಂತ ನನ್ನ ತಂಗಿಯ ಮಗ ಕೇಳುತ್ತಾನೆ. ಹೊಳಪು ಹಿಗ್ಗಿಸಿದ್ದೇನೆ, ಒಪ್ಪುತ್ತೇನೆ. ಆದರೆ ಇಲ್ಲದ್ದನ್ನು ಬರೆದಿಲ್ಲ. ನಡುವಿನ ಹಳದಿ ಮುದಿ ನಕ್ಷತ್ರಗಳದ್ದು, ಕೈಗಳ ನೀಲಿ ಎಳೆಯ ನಕ್ಷತ್ರಗಳದ್ದು. ಇಷ್ಟು ಕಮ್ಮಿ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಅಷ್ಟೆ.

ಮೂರು ನಿಮಿಷ ಕ್ಯಾಮೆರಾ ತೆರೆದಿಡಬೇಕಾದರೆ ಟೆಲಿಸ್ಕೋಪ್ ಆಕಾಶದ ಜೊತೆ ತಿರುಗಬೇಕು. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅದಕ್ಕೆ ಮೋಟರ್ ಇರುವ ಸ್ಟ್ಯಾಂಡ್ ಬೇಕು, ಅದರ ಅಚ್ಚು ಧ್ರುವದ ಕಡೆ ನೆಟ್ಟಗಿರಬೇಕು. ಪುಸ್ತಕಗಳಲ್ಲಿ "ಧ್ರುವ ನಕ್ಷತ್ರಕ್ಕೆ ಗುರಿ ಇಡಿ" ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ಬರೆದವರು ಕೊಡಗಿಗೆ ಬಂದವರಲ್ಲ! ನಮ್ಮಲ್ಲಿ ಧ್ರುವ ಬರೀ 12 ಡಿಗ್ರಿ ಎತ್ತರದಲ್ಲಿದೆ. ಕೈ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಗಿಂತ ಚೂರು ಮೇಲೆ. ನಮ್ಮ ಕಣದಿಂದ ನೋಡಿದರೆ ಸರಿಯಾಗಿ ಅಲ್ಲೇ ಮೂರು ಸಿಲ್ವರ್ ಓಕ್. ಒಂದನ್ನಾದರೂ ಕಡಿಸೋಣ ಅಂದೆ. ಅಪ್ಪ ಪೇಪರಿನಿಂದ ಕಣ್ಣೆತ್ತಲಿಲ್ಲ. "ಅದರ ಮೇಲೆ ಮೆಣಸಿನ ಬಳ್ಳಿ ಇದೆ. ನಿನ್ನ ನಕ್ಷತ್ರಕ್ಕೆ ಕಿಲೋಗೆ ಎಷ್ಟು ಕೊಡ್ತಾರೆ?" ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಬೇರೆ ದಾರಿ ಕಲಿತೆ. ದಕ್ಷಿಣದ ಒಂದು ನಕ್ಷತ್ರ ಹಿಡಿದು, ಅದು ಮೇಲೆ ಜಾರುತ್ತದೋ ಕೆಳಗೆ ಜಾರುತ್ತದೋ ನೋಡಿ, ಅಚ್ಚನ್ನು ಚೂರು ಚೂರೇ ಸರಿಸುವುದು. ಈಗ ಆ ಕೆಲಸ ಸಾಫ್ಟ್‌ವೇರ್ ಮಾಡುತ್ತದೆ. ಎಲ್ಲಾದರೂ ಒಂದು ತುಂಡು ಆಕಾಶ ತೋರಿಸಿದರೆ ಸಾಕು.

ಕಣದ ಬಗ್ಗೆ ಇನ್ನೊಂದು ಮಾತು. ಹಗಲು ಕಾದ ಸಿಮೆಂಟ್ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಆ ಬಿಸಿ ಗಾಳಿಯಲ್ಲಿ ನಕ್ಷತ್ರಗಳು ಕುಣಿಯುತ್ತವೆ, ಫೋಟೋದಲ್ಲಿ ಊದಿಕೊಳ್ಳುತ್ತವೆ. ಹಾಗಾಗಿ ಈಗ ಕಣದ ಅಂಚಿನ ಹುಲ್ಲಿನ ಮೇಲೆ ಇಡುತ್ತೇನೆ. ಹುಲ್ಲಿನಲ್ಲಿ ಇಬ್ಬನಿ. ಒಂದು ಜನವರಿ ರಾತ್ರಿ ಎಲ್ಲ ಸರಿಮಾಡಿ, ಜೀಪಿನಲ್ಲಿ ಕೂತು ಹಾಗೇ ನಿದ್ದೆ ಹೋದೆ. ಬೆಳಗ್ಗೆ ನೋಡಿದರೆ ಅರವತ್ತು ಫೋಟೋ ಬಚ್ಚಲುಮನೆಯ ಕನ್ನಡಿಯಲ್ಲಿ ಕಂಡ ಹಾಗೆ. ಅವತ್ತಿನಿಂದ ಲೆನ್ಸಿನ ಸುತ್ತ ಸಣ್ಣಗೆ ಬಿಸಿಯಾಗುವ ಪಟ್ಟಿ ಕಟ್ಟುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ಅಂತೂ ಸಾಮಾನೆಲ್ಲ ಬಲ್ಬ್ ಉರಿಯುವ ಬೀರುವಿನಲ್ಲಿ. ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು. ಆನೆಗಳ ವಿಷಯ ಹೇಳುವುದಿಲ್ಲ. ಬೈನೆ ಮರ ಮುರಿಯುವ ಸದ್ದು ಕೇಳಿದರೆ ಗ್ಯಾಲಕ್ಸಿ ಅಲ್ಲೇ ಇರಲಿ ಅಂತ ಮನೆ ಸೇರುವುದೇ.

ಕತ್ತಲೆಯ ವಿಷಯಕ್ಕೆ ಬರುತ್ತೇನೆ. ಆಕಾಶ ಪೂರ್ತಿ ಕಪ್ಪು ಅಂದುಕೊಂಡಿದ್ದೇವೆ. ಅಲ್ಲ. ಊರ ದೀಪ ಒಂದೂ ಇಲ್ಲದ ಕಡೆಯಲ್ಲೂ ಮೇಲಿನ ಗಾಳಿ ತಾನೇ ಸಣ್ಣಗೆ ಹೊಳೆಯುತ್ತದೆ. ಗ್ಯಾಲಕ್ಸಿಗಳ ಹೊರ ಅಂಚು ಆ ಹೊಳಪಿಗಿಂತಲೂ ಇಪ್ಪತ್ತು ಮೂವತ್ತು ಪಟ್ಟು ಮಂದ. ಇನ್ನು ಅದರ ಮೇಲೆ ಫ್ಲಡ್‌ಲೈಟ್ ಬಿದ್ದರೆ? ನಮ್ಮ ಎದುರು ಗುಡ್ಡದ ಹೋಂಸ್ಟೇಯಲ್ಲಿ ಒಂದು ಹಾಕಿದ್ದರು, ಅರ್ಧ ಬೆಳಕು ಮೇಲಕ್ಕೇ. ಆ ಅಣ್ಣನನ್ನು ಮನೆಗೆ ಕರೆದು, ಫೋಟೋದಲ್ಲಿ ಅವರ ಲೈಟ್ ಎಲ್ಲಿ ಬಂದಿದೆ ಅಂತ ತೋರಿಸಿದೆ. ಅವರು ನಕ್ಕು, ಮರುದಿನ ಹಳೆಯ ಎಣ್ಣೆ ಟಿನ್ ಕತ್ತರಿಸಿ ಟೋಪಿ ಮಾಡಿ ಕೂರಿಸಿದರು. ಅಂಗಳಕ್ಕೆ ಬೆಳಕೂ ಜಾಸ್ತಿಯಾಯಿತಂತೆ.

ಚಂದ್ರನಿಗೆ ಮಾತ್ರ ಟಿನ್ ಹಾಕಲಿಕ್ಕೆ ಆಗುವುದಿಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಹುಣ್ಣಿಮೆ, ರೋಹಿಣಿ ನೋಡಿ ಮುಹೂರ್ತ ಇಡುತ್ತಾರೆ. ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ಆದರೆ ಒಂದು ಗ್ಯಾಲಕ್ಸಿಯೂ ಸಿಗುವುದಿಲ್ಲ. ಅವತ್ತು ಕದಿರು ತೆಗೆದು ಪಾಯಸ ತಿಂದು ಮಲಗುವುದು.

ನನ್ನ ಒಂದು ಪೆದ್ದುತನ ಹೇಳಲೇಬೇಕು. ಮೂರು ವರ್ಷದ ಹಿಂದೆ ಒಂದು ಸ್ಟ್ಯಾಕ್‌ನಲ್ಲಿ ಗ್ಯಾಲಕ್ಸಿಯ ಪಕ್ಕ ಇನ್ನೊಂದು ಮಬ್ಬು ಕಂಡಿತು. ಯಾವ ಪಟ್ಟಿಯಲ್ಲೂ ಇಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಅದಕ್ಕೆ ಹೆಸರೂ ಯೋಚಿಸಿದ್ದೆ, ಈಗ ಕೇಳಬೇಡಿ. ಮೂರನೇ ದಿನ ಬೇರೆ ದಿಕ್ಕಿನ ಬೇರೆ ಫೋಟೋ ತೆರೆದರೆ ಅಲ್ಲೂ ಅದೇ ಮೂಲೆಯಲ್ಲಿ ಅದೇ ಮಬ್ಬು. ಸೆನ್ಸರ್ ಮೇಲಿನ ಧೂಳಿನ ಆಟ! ಧೂಳಿನ ನೆರಳು ಕಳೆಯಲಿಕ್ಕೆ ಫ್ಲಾಟ್ ಅಂತ ಒಂದು ಫೋಟೋ ತೆಗೆಯಬೇಕು. ಬೆಳಗಿನ ಜಾವ, ಟೆಲಿಸ್ಕೋಪಿನ ಬಾಯಿಗೆ ಬಿಳಿ ಪಂಚೆ ಸುಕ್ಕಿಲ್ಲದೆ ಬಿಗಿದು, ಬೆಳ್ಳಗಾಗುತ್ತಿರುವ ಆಕಾಶಕ್ಕೆ ತೋರಿಸಿ ಕ್ಲಿಕ್ ಮಾಡುವುದು. ಐದು ನಿಮಿಷದ ಕೆಲಸ. ಅವತ್ತು ಚಳಿಗೆ ಸೋಮಾರಿತನ ಮಾಡಿ ಹಳೆಯ ಫ್ಲಾಟನ್ನೇ ಹಾಕಿದ್ದೆ. ಧೂಳು ಅಷ್ಟರಲ್ಲಿ ಜಾಗ ಬದಲಿಸಿತ್ತು, ಇಲ್ಲದ ನೆರಳನ್ನು ಕಳೆಯಹೋಗಿ ಅಲ್ಲಿ ಬೆಳ್ಳಗಿನ ಮಬ್ಬು ಉಳಿಯಿತು.

ನಾನು ಕಂಡದ್ದು ಧೂಳಾಯಿತು, ಆದರೆ ಆಸೆ ಸುಳ್ಳಲ್ಲ. ಇಟಲಿಯ ಜುಸೆಪ್ಪೆ ದೊನಾತಿಯೆಲ್ಲೋ ಅನ್ನುವ ಹವ್ಯಾಸಿ 2016ರಲ್ಲಿ ತಮ್ಮದೇ ಹಳೆಯ ಫೋಟೋಗಳನ್ನು ಮತ್ತೆ ನೋಡುತ್ತಾ ಕೂತಿದ್ದರು. ಮಿರಾಕ್ ನಕ್ಷತ್ರದ ಹತ್ತಿರ ಒಂದು ಮಬ್ಬು. ದೊಡ್ಡ ಟೆಲಿಸ್ಕೋಪ್ ತಿರುಗಿಸಿ ನೋಡಿದಾಗ ಅದು ನಿಜಕ್ಕೂ ಯಾರಿಗೂ ಗೊತ್ತಿರದ ಕುಬ್ಜ ಗ್ಯಾಲಕ್ಸಿ. ಈಗ ಅದಕ್ಕೆ ಅವರದ್ದೇ ಹೆಸರು. ಅವರ ಟೆಲಿಸ್ಕೋಪಿನ ಗಾಜು 127 ಮಿಲಿಮೀಟರ್. ನಮ್ಮ ಲೋಟಕ್ಕಿಂತ ದೊಡ್ಡದು, ಚೊಂಬಿಗಿಂತ ಅಲ್ಲ. ವಿಜ್ಞಾನಿಗಳ ದೊಡ್ಡ ಟೆಲಿಸ್ಕೋಪ್‌ಗಳಿಗೆ ಸರದಿ ಇರುತ್ತದೆ, ಒಂದೇ ಜಾಗವನ್ನು ರಾತ್ರಿಗಟ್ಟಲೆ ನೋಡುತ್ತಾ ಕೂರಲಿಕ್ಕೆ ಸುಲಭಕ್ಕೆ ಪುರಸೊತ್ತು ಸಿಗುವುದಿಲ್ಲ. ನಮಗೆ ಇರುವುದು ಅದೊಂದೇ.

ಕೊಡಗಿನವರಿಗೆ ಇನ್ನೊಂದು ಲಾಭ ಇದೆ. ಉತ್ತರದ್ದೂ ಸಿಗುತ್ತದೆ, ದಕ್ಷಿಣದ್ದೂ ಸಿಗುತ್ತದೆ. ಸೆಂಟಾರಸ್ ಎ ಅನ್ನುವ, ನಡುವಿಗೆ ಕಪ್ಪು ಪಟ್ಟಿ ಕಟ್ಟಿದ ಗ್ಯಾಲಕ್ಸಿ ಇಂಗ್ಲೆಂಡಿನಲ್ಲಿ ಹುಟ್ಟುವುದೇ ಇಲ್ಲ. ನಮಗೆ ಮೂವತ್ತು ಡಿಗ್ರಿಗಿಂತ ಮೇಲೆ ಬರುತ್ತದೆ. ಅದಕ್ಕಿಂತ ಹೆಚ್ಚಿನದು ಕನ್ಯಾ ರಾಶಿಯ ಗ್ಯಾಲಕ್ಸಿ ಗುಂಪು. ಉತ್ತರಾ ಫಲ್ಗುಣಿ ನಕ್ಷತ್ರದಿಂದ ಸ್ವಲ್ಪ ಪೂರ್ವಕ್ಕೆ, ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳು. ಅದರ ನಡುವೆ ಎಂ87 ಅನ್ನುವ ಗ್ಯಾಲಕ್ಸಿ. 2019ರಲ್ಲಿ ಪೇಪರಿನಲ್ಲೆಲ್ಲ ಬಂತಲ್ಲ, ಕಪ್ಪುಕುಳಿಯ ಮೊದಲ ಚಿತ್ರ, ಅದು ಇರುವುದು ಅಲ್ಲೇ. ಈ ಎಂ87 ಮಡಿಕೇರಿ, ನಾಪೋಕ್ಲು, ವಿರಾಜಪೇಟೆಯ ಹೆಚ್ಚುಕಡಿಮೆ ನೇರ ನೆತ್ತಿಯ ಮೇಲೆ ಹಾದುಹೋಗುತ್ತದೆ. ನೆತ್ತಿ ಅಂದರೆ ಗಾಳಿಯ ಪದರ ಅತಿ ತೆಳು, ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ಅದು ನಡುರಾತ್ರಿ ನೆತ್ತಿಗೆ ಬರುವುದು ಮಾರ್ಚ್ ಕೊನೆಗೆ. ಸರಿಯಾಗಿ ಕಾಫಿ ಅರಳಿಸುವ ಹೂಮಳೆಯ ಕಾಲ. ಮನೆಯಲ್ಲಿ ಅಪ್ಪ ಇಗ್ಗುತಪ್ಪನಿಗೆ ಮಳೆ ಕೊಡಪ್ಪಾ ಅಂತ ಕೈಮುಗಿಯುತ್ತಾರೆ. ನಾನು ಪಕ್ಕದಲ್ಲೇ ನಿಂತು, ಅಮಾವಾಸ್ಯೆ ದಾಟಿದ ಮೇಲೆ ಕೊಡು ಅನ್ನುತ್ತೇನೆ. ಹೋದ ವರ್ಷ ಅಪ್ಪ ಗೆದ್ದರು. ಎಂ87 ಬರೀ 22 ಫೋಟೋ, ಕಾಫಿ ಮಾತ್ರ ಚೆನ್ನಾಗಿ ಹೂ ಬಿಟ್ಟಿತು.

ಸಾಕು, ಇನ್ನು ಹೊರಗೆ ಹೋಗೋಣ. ಹುತ್ತರಿ ಮುಗಿದು ಎರಡು ವಾರ ಆಯಿತು, ಚಂದ್ರ ಇಲ್ಲ. ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಐದು ನಕ್ಷತ್ರಗಳ ಇಂಗ್ಲಿಷ್ ಎಂ ಅಕ್ಷರ ಕಾಣುತ್ತದೆ. ಅದರ ಎಡಗಡೆಯ ಮೇಲಿನ ಮೊನೆಯಿಂದ ಮೇಲಕ್ಕೆ ಒಂದೂವರೆ ಮುಷ್ಟಿ. ನೇರ ದಿಟ್ಟಿಸಬೇಡಿ, ಚೂರು ಪಕ್ಕಕ್ಕೆ ನೋಡಿ, ಆಗ ಆಂಡ್ರೊಮಿಡಾದ ಮಬ್ಬು ಸಿಗುತ್ತದೆ. ಟೆಲಿಸ್ಕೋಪ್ ಗೇಟಿನ ಹತ್ತಿರ ಇಟ್ಟಿದ್ದೇನೆ, ಏಳು ಗಂಟೆಯಿಂದ ಫೋಟೋ ಎಣಿಸುತ್ತಿದೆ. ಮೊಬೈಲ್ ಟಾರ್ಚ್ ಮಾತ್ರ ಹಾಕಬೇಡಿ. ಬೇಗ ಬನ್ನಿ, ಮಂಜು ಇಳಿಯುತ್ತಿದೆ.