ಇಪ್ಪತ್ತೈದಕ್ಕೇ ಆಟ ಬಿಟ್ಟವರು

ಕೇಳುಗರೇ, ನಮಸ್ಕಾರ.

ಜಾಫರ್ ಅನ್ಸಾರಿ ಅಂತ ಹೆಸರು ನೆನಪಿದೆಯಾ? 2016ರ ನವೆಂಬರ್, ರಾಜ್‌ಕೋಟ್ ಟೆಸ್ಟ್. ಇಂಗ್ಲೆಂಡಿನ ಎಡಗೈ ಸ್ಪಿನ್ನರ್ ಒಬ್ಬರು ನಮ್ಮ ರಹಾನೆಯನ್ನು 13 ರನ್ನಿಗೆ ಬೌಲ್ಡ್ ಮಾಡಿದರಲ್ಲ, ಅವರೇ. ಅದಾಗಿ ಆರು ತಿಂಗಳು ತುಂಬಿರಲಿಲ್ಲ. 2017ರ ಏಪ್ರಿಲ್ 26ರಂದು ಅವರು ಕ್ರಿಕೆಟ್ ಬಿಡ್ತೀನಿ ಅಂತ ಹೇಳಿಬಿಟ್ಟರು. ಯಾರೂ ತಂಡದಿಂದ ತೆಗೆದುಹಾಕಿರಲಿಲ್ಲ. ವಯಸ್ಸು ಬರೀ 25.

ಆ ಸುದ್ದಿ ಓದಿದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು. ಆಮೇಲೆ ಅವರ ಹಿಂದಿನ ಕಥೆ ತಿಳಿದ ಮೇಲೆ ಬೇಜಾರು ಹೋಗಿ ಗೌರವ ಬಂತು.

ಅನ್ಸಾರಿ ಚಿಕ್ಕಂದಿನಿಂದ ಸರ್ರೆ ಕೌಂಟಿ ತಂಡದಲ್ಲೇ ಬೆಳೆದವರು. ಕೌಂಟಿ ಅಂದರೆ ಇಂಗ್ಲೆಂಡಿನ ಜಿಲ್ಲೆ, ಅಲ್ಲಿನ ದೇಶೀಯ ಕ್ರಿಕೆಟ್ ನಡೆಯೋದು ಈ ಕೌಂಟಿ ತಂಡಗಳ ನಡುವೆ. ಆದರೆ ಆಟಕ್ಕೋಸ್ಕರ ಓದು ಬಿಡಲಿಲ್ಲ. ಕೇಂಬ್ರಿಜ್‌ನಲ್ಲಿ ಓದಿ 'ಡಬಲ್ ಫಸ್ಟ್' ತೆಗೆದರು, ಅಂದರೆ ಎರಡೂ ಹಂತದ ಪರೀಕ್ಷೆಗಳಲ್ಲಿ ಮೊದಲ ದರ್ಜೆ. ಆಮೇಲೆ ಕೌಂಟಿ ಆಡುತ್ತಲೇ ಇತಿಹಾಸದಲ್ಲಿ ಎಂ.ಎ. ಮಾಡಿದರು. ಕೌಂಟಿ ಕ್ರಿಕೆಟ್ ಆಡೋದು ಸುಮ್ನೆ ಅಲ್ಲ. ಏಪ್ರಿಲ್‌ನ ಚಳಿಯಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ದಿನದ ಪಂದ್ಯಗಳು, ನಡುವೆ ಒಂದು ದಿನದ್ದು, ಟಿ20, ಊರಿಂದ ಊರಿಗೆ ಓಡಾಟ. ಇಷ್ಟರ ಮಧ್ಯೆ ಅವರು ಬರೆದ ಪ್ರಬಂಧ 1960ರ ದಶಕದ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರು ಆತ್ಮರಕ್ಷಣೆಗೆ ಕಟ್ಟಿಕೊಂಡ ಒಂದು ಸಂಘಟನೆಯ ಬಗ್ಗೆ. ಆಟದ ಮನುಷ್ಯನ ತಲೆಯಲ್ಲಿ ಇಂಥದ್ದೂ ಓಡುತ್ತಿತ್ತು ಅನ್ನೋದು ನನಗೆ ತುಂಬಾ ಹಿಡಿಸಿತು.

2015ರ ಸೆಪ್ಟೆಂಬರ್‌ನಲ್ಲಿ ಒಂದು ದಿನವಂತೂ ಮರೆಯೋ ಹಾಗಿಲ್ಲ. ಪಾಕಿಸ್ತಾನದ ವಿರುದ್ಧ ಯುಎಇಯಲ್ಲಿ ಆಡುವ ಟೆಸ್ಟ್ ತಂಡಕ್ಕೆ ಮೊದಲ ಸಲ ಅವರ ಹೆಸರು ಬಂತು. ಅವತ್ತೇ ಓಲ್ಡ್ ಟ್ರಾಫರ್ಡ್‌ನಲ್ಲಿ ಲ್ಯಾಂಕಶೈರ್ ವಿರುದ್ಧ ಫೀಲ್ಡಿಂಗ್ ಮಾಡುವಾಗ ಹೆಬ್ಬೆರಳು ಕೀಲು ತಪ್ಪಿತು. ಬೆಳಗ್ಗೆಯ ಖುಷಿ ಸಂಜೆಗೆ ಉಳಿಯಲಿಲ್ಲ, ಪ್ರವಾಸವೂ ಹೋಯಿತು. ಅಂಥ ಪೆಟ್ಟಿಗೆ ಎಷ್ಟೋ ಜನ ಕುಗ್ಗಿಹೋಗುತ್ತಾರೆ, ಇವರು ಒಂದು ವರ್ಷ ಕಾದು, ವಾಪಸ್ ಬಂದು, 2016ರ ಅಕ್ಟೋಬರ್‌ನಲ್ಲಿ ಢಾಕಾದಲ್ಲಿ ಟೆಸ್ಟ್ ಟೋಪಿ ತೊಟ್ಟರು, ಅಂದರೆ ಮೊದಲ ಟೆಸ್ಟ್ ಆಡಿದರು.

ಮುಂದೆ ರಾಜ್‌ಕೋಟ್, ವಿಶಾಖಪಟ್ಟಣ. ಒಟ್ಟು ಮೂರು ಟೆಸ್ಟ್, ಐದು ವಿಕೆಟ್. ಬೆನ್ನು ನೋವಿನಿಂದ ಸರಣಿಯ ನಡುವೆಯೇ ಹೊರಗುಳಿದರು, ಅವರ ಜಾಗಕ್ಕೆ ಲಿಯಾಮ್ ಡಾಸನ್ ಬಂದರು. ಆ ಡಾಸನ್ ಮೊದಲ ಟೆಸ್ಟ್ ಆಡಿದ್ದು ಚೆನ್ನೈನಲ್ಲಿ, ನಮ್ಮ ಕರುಣ್ ನಾಯರ್ ಔಟಾಗದೆ 303 ಹೊಡೆದ ಪಂದ್ಯದಲ್ಲಿ!

ಬಿಡುವಾಗ ಅನ್ಸಾರಿ ಹೇಳಿದ್ದು ಇಷ್ಟು: ಕ್ರಿಕೆಟ್ ನನ್ನ ಬದುಕಿನ ಒಂದು ಭಾಗ ಮಾತ್ರ, ಬೇರೆ ಆಸೆಗಳೂ ಇವೆ, ಕಾನೂನಿನ ಕಡೆ ಹೋಗಬಹುದು, ಅದನ್ನು ಈಗಲೇ ಶುರು ಮಾಡಬೇಕು. ನಿರ್ಧಾರ ತುಂಬಾ ಕಷ್ಟದ್ದಾಗಿತ್ತು ಅಂತಲೂ ಹೇಳಿದರು. ಆ ಕಷ್ಟ ನಾನು ನಂಬುತ್ತೇನೆ, ಏಕೆಂದರೆ ಸುಮಾರು ಎರಡು ದಶಕ ಆಡಿದ ಆಟ ಅದು. ಮೂರೇ ಟೆಸ್ಟಿಗೆ ಮುಗಿಯಿತಲ್ಲ, ಪ್ರತಿಭೆ ಹಾಳಾಯಿತು ಅಂತ ಆಗ ಹಲವರು ಅಂದುಕೊಂಡಿರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಏಳು ವರ್ಷ ವೃತ್ತಿಪರರಾಗಿ ಆಡಿದ್ದಾರೆ, ಸರ್ರೆಗೆ ಬ್ಯಾಟು ಬಾಲು ಎರಡರಲ್ಲೂ ದುಡಿದಿದ್ದಾರೆ, 2015ರಲ್ಲಿ ಆ ತಂಡ ಕೌಂಟಿ ಕ್ರಿಕೆಟ್‌ನ ಕೆಳಗಿನ ಹಂತವಾದ ಎರಡನೇ ಡಿವಿಷನ್ ಗೆದ್ದು ಮೇಲಿನ ಹಂತಕ್ಕೆ ಬಂದಾಗ ಜೊತೆಗಿದ್ದವರು. ಅದು ಕಡಿಮೆಯೇನಲ್ಲ, ಅಲ್ವಾ?

ನಮಸ್ಕಾರ.