ಬಾಲದಲ್ಲಿ ಹೂವಿಲ್ಲದ ಹುಳು

ಕೇಳುಗರಿಗೆ ನಮಸ್ಕಾರ.

ನಾನು ಕಾಸರಗೋಡಿನ ಕುಂಬಳೆ ಬದಿಯವನು. ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟೆ. ಮನೆಯಂಗಳದಿಂದ ಕಡಲು ಕಾಣುತ್ತದೆ. ಆದರೆ ಕಡಲಿನೊಳಗೆ ಮುಖ ಇಟ್ಟು ನೋಡಿದ್ದು ನಿವೃತ್ತನಾದ ಮೇಲೆ, ಅದೂ ಇಲ್ಲಿ ಅಲ್ಲ. ನಮ್ಮಲ್ಲಿ ತೆರೆ ಮರಳನ್ನು ಕದಡುತ್ತಲೇ ಇರುತ್ತದೆ, ನೀರಿನಡಿ ಚಾಚಿದ ಕೈಯೇ ಸರಿಯಾಗಿ ಕಾಣುವುದಿಲ್ಲ. ತಂಗಿಯ ಮಗಳು ಹಟ ಹಿಡಿದು ಲಕ್ಷದ್ವೀಪದ ಕದ್ಮತ್‌ಗೆ ಕರೆದುಕೊಂಡು ಹೋದಳು. ಪರಸ್ಥಳಕ್ಕೆ ಹೋದೆ ಎನ್ನಲು ನನಗೇಕೋ ಮನಸ್ಸಿಲ್ಲ. 1956ರ ತನಕ ಕಾಸರಗೋಡೂ ಕದ್ಮತ್ ದ್ವೀಪವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು. ಎರಡೂ ಕಡೆಯ ಕಡತ ಹೋಗುತ್ತಿದ್ದದ್ದು ಮಂಗಳೂರಿನ ಕಲೆಕ್ಟರರ ಮೇಜಿಗೆ.

ಎದೆಮಟ್ಟದ ನೀರು. ಸ್ನಾರ್ಕೆಲಿನ ಕೊಳವೆ ಕಚ್ಚಿಕೊಂಡು ಮುಖ ಕೆಳಗೆ ಹಾಕಿ ತೇಲುತ್ತಿದ್ದೆ. ಸತ್ತ ಹವಳದ ಕಲ್ಲೊಂದರ ಮೇಲೆ ಹೆಬ್ಬೆರಳಿನಷ್ಟು ಉದ್ದದ ಒಂದು ಜೀವಿ ಕೂತಿತ್ತು. ಕಪ್ಪು ಮೈ, ಬೆನ್ನಿನುದ್ದಕ್ಕೆ ಬೂದುನೀಲಿ ದಿಣ್ಣೆಗಳು, ದಿಣ್ಣೆಯ ಮೇಲೆ ಸಾಲಾಗಿ ಗುಳ್ಳೆ, ಒಂದೊಂದು ಗುಳ್ಳೆಯ ತುದಿಗೂ ಅರಸಿನ ಮುಟ್ಟಿಸಿದ ಹಾಗೆ ಹಳದಿ. ಮುಂದುಗಡೆ ಎರಡು ಹಳದಿ ಕೊಂಬು.

ಕಡಲ ಬಸವನಹುಳು ಎಂದುಕೊಂಡೆ. ಚಿಪ್ಪಿಲ್ಲದ ಜಾತಿ. ಮರಿಯಾಗಿ ತೇಲುವಾಗ ಇವಕ್ಕೂ ಪುಟ್ಟ ಚಿಪ್ಪು ಇರುತ್ತದೆ, ಬೆಳೆಯುವಾಗ ಕಳಚಿಬಿಡುತ್ತವೆ. ಇವುಗಳಲ್ಲಿ ದೊಡ್ಡ ಗುಂಪಿಗೆ ನ್ಯೂಡಿಬ್ರಾಂಕ್ ಎಂದು ಹೆಸರು, ಅಂದರೆ ಬತ್ತಲೆ ಕಿವಿರಿನವು. ಕಿವಿರು ಮೈಯ ಹೊರಗೇ ಇರುತ್ತದೆ. ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರದಲ್ಲಿ ಬಾಲದ ಹತ್ತಿರ ಹೂವಿನ ಹಾಗೆ ಅರಳಿದ ಕಿವಿರು ಇರುತ್ತಿತ್ತು. ಇದಕ್ಕೆ ಅದೇ ಇಲ್ಲ! ತಂಗಿಯ ಮಗಳು ನೀರಿನಿಂದ ತಲೆಯೆತ್ತಿ, "ಮಾವ, ಇದರ ಬಾಲದಲ್ಲಿ ಹೂವೇ ಇಲ್ಲವಲ್ಲ" ಎಂದಳು. ಹಾಗಾದರೆ ಚಪ್ಪಟೆ ಹುಳು ಇರಬೇಕು ಎಂದುಬಿಟ್ಟೆ. ಮೇಷ್ಟ್ರುಗಳ ಚಾಳಿ ಅದು, ಗೊತ್ತಿಲ್ಲದಿದ್ದರೂ ಉತ್ತರ ಮೊದಲು ಬಂದುಬಿಡುತ್ತದೆ.

ಸಂಜೆ ಅವಳ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಾಗ ನನ್ನ ಮಾತು ನಿಲ್ಲಲಿಲ್ಲ. ಕಡಲಿನ ಚಪ್ಪಟೆ ಹುಳುಗಳಲ್ಲೂ ಬಣ್ಣಬಣ್ಣದವು ಬೇಕಾದಷ್ಟಿವೆ. ಕೆಲವು ಈ ಬಸವನಹುಳುಗಳ ವೇಷವನ್ನೇ ಹಾಕಿಕೊಂಡ ಹಾಗಿರುತ್ತವೆ. ಆದರೆ ಅವು ಕಾಗದದಷ್ಟು ತೆಳು. ಅವುಗಳ ಕೊಂಬು ಕೊಂಬಲ್ಲ, ಮೈಯ ಮುಂದಿನ ಅಂಚನ್ನೇ ಮಡಚಿ ನಿಲ್ಲಿಸಿದ್ದು, ಬಟ್ಟೆಯ ನಿರಿಗೆಯ ಹಾಗೆ. ನಮ್ಮದರ ಕೊಂಬು ಬೆನ್ನಿನಿಂದ ಮೊಳೆತು ನಿಂತಿತ್ತು. ಸುತ್ತ ಒತ್ತೊತ್ತಾಗಿ ಸಣ್ಣ ಪದರಗಳು, ಬುಡದಲ್ಲಿ ಒಂದು ಗುಳಿ. ಹತ್ತಿರ ಹೋದಾಗ ಎರಡೂ ಆ ಗುಳಿಯೊಳಗೆ ಸೇರಿಹೋಗಿದ್ದನ್ನು ನಾವೇ ನೋಡಿದ್ದೆವು. ಅದು ವಾಸನೆ ಹಿಡಿಯುವ ಅಂಗ. ಅಂದಮೇಲೆ ಬಸವನಹುಳುವೇ ಸರಿ.

ಕಿವಿರು ಎಲ್ಲಿ ಹಾಗಾದರೆ? ಒಂದೇ ಒಂದು ಫೋಟೋ ಪಕ್ಕದಿಂದ ತೆಗೆದದ್ದಿತ್ತು, ಅದೂ ಕೈ ಅಲುಗಿ ಸ್ವಲ್ಪ ಮಸುಕು. ಕಲ್ಲಿನ ಅಂಚು ದಾಟುವಾಗ ಪ್ರಾಣಿಯ ಮೈಯಂಚಿನ ಸೆರಗು ಎದ್ದಿದೆ. ಸೆರಗಿಗೂ ಪಾದಕ್ಕೂ ನಡುವೆ, ಪುಸ್ತಕದ ಹಾಳೆಗಳನ್ನು ಅಂಚಿನಿಂದ ನೋಡಿದ ಹಾಗೆ, ಸಾಲಾಗಿ ಎಲೆಗಳು. ಅದೇ ಕಿವಿರು! ಫಿಲಿಡಿಯಾ ಎಂಬ ಕುಲ ಇದು. ಹೆಸರು ಬಂದದ್ದೇ ಎಲೆ ಎಂಬ ಅರ್ಥದ ಗ್ರೀಕ್ ಮಾತಿನಿಂದ. ಬೆನ್ನಿನ ಬಣ್ಣದ ಚಂದಕ್ಕೆ ಮರುಳಾಗಿ ಮೇಲಿನಿಂದ ನಲವತ್ತು ಫೋಟೋ ಹೊಡೆದಿದ್ದೆವು. ಕೆಲಸಕ್ಕೆ ಬಂದದ್ದು ಈ ಮಸುಕು ಫೋಟೋ.

ಇಂಥದ್ದು ಕಂಡರೆ ಮುಟ್ಟಬೇಡಿ, ಬಕೆಟಿಗೆ ಹಾಕಲೇಬೇಡಿ. ಫಿಲಿಡಿಯಾದ ಲೋಳೆ ಮೀನು, ಸಿಗಡಿಗಳನ್ನು ಕೊಲ್ಲುತ್ತದೆಂದು 1963ರಲ್ಲಿ ಹವಾಯಿಯಲ್ಲಿ ಕಂಡುಕೊಂಡರು. ವಿಷ ಅದರ ಸ್ವಂತದ್ದಲ್ಲ, ತಿಂದ ಸ್ಪಂಜಿನದ್ದು. ಈ ಬಳಗದಲ್ಲಿ ಕಡ ತರುವುದು ಹೊಸತೇನಲ್ಲ. ಬೆನ್ನ ಮೇಲೆ ಬೆರಳುಬೆರಳಾಗಿರುವ ಜಾತಿಯವು ತಾವು ತಿಂದ ಜೀವಿಗಳ ಕುಟುಕು ಕಣಗಳನ್ನು ಜೀರ್ಣವಾಗದಂತೆ ಉಳಿಸಿ ಬೆರಳ ತುದಿಗೆ ಸಾಗಿಸುತ್ತವೆ. ಅದಕ್ಕೇ ಹೆಸರು ಹುಡುಕುವಾಗ, ಪ್ರಾಣಿ ಯಾವುದರ ಮೇಲೆ ಕೂತಿತ್ತು, ಏನು ತಿನ್ನುತ್ತಿತ್ತು ಎಂದು ಬರೆದಿಟ್ಟರೆ ಅರ್ಧ ದಾರಿ ಸಾಗಿದಂತೆ. ಸತ್ತ ಮೇಲೆ ಸ್ಪಿರಿಟ್ಟಿನಲ್ಲಿ ಹಾಕಿಟ್ಟರೆ ಈ ಬಣ್ಣವೆಲ್ಲ ಕರಗಿಹೋಗುತ್ತದೆ.

ಓದುತ್ತಾ ಹೋದಾಗ ಒಂದು ಹೆಸರು ಸಿಕ್ಕಿ ಬೆರಗಾದೆ: ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಆಗ ಅವನಿಗೆ ಇಪ್ಪತ್ತೊಂದು. ಮುಂದೆ ಕನ್ನಡ ಶಾಸನಗಳನ್ನು ರಾಶಿಗಟ್ಟಲೆ ಸಂಗ್ರಹಿಸಿದವನೂ ಇವನೇ. ಇದು ನಮಗೆ ಗೊತ್ತಿತ್ತು. ಅದೇ ಮನುಷ್ಯ ಪೂರ್ವ ಕರಾವಳಿಯಲ್ಲಿ ಅಧಿಕಾರಿಯಾಗಿದ್ದಾಗ ಕಡಲ ಬಸವನಹುಳುಗಳನ್ನೂ ಕೂಡಿಹಾಕಿದ್ದ. ಆಲ್ಡರ್, ಹ್ಯಾನ್ಕಾಕ್ ಎಂಬಿಬ್ಬರು ಅವನ್ನು 1864ರಲ್ಲಿ ವರ್ಣಿಸಿ ಪ್ರಕಟಿಸಿದರು. ಅದರಲ್ಲಿ ಒಂದು ಕುಲಕ್ಕೆ ಇಟ್ಟ ಹೆಸರು ಕಳಿಂಗ. ಇಂದಿಗೂ ಅದೇ ಹೆಸರು.

ಊರಿಗೆ ಬಂದು ನೆರೆಮನೆಯ ಮೊಗವೀರ ಅಜ್ಜನಿಗೆ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, "ತಿನ್ನಲಿಕ್ಕೆ ಆಗ್ತದಾ ಮಾಷ್ಟ್ರೇ?" ಎಂದರು. ಇಲ್ಲವೆಂದೆ. "ಹಾಗಾದ್ರೆ ನಮ್ಮಲ್ಲಿ ಹೆಸರಿಲ್ಲ" ಎಂದು ಫೋನು ತಿರುಗಿ ಕೊಟ್ಟರು.

ತಂಗಿಯ ಮಗಳು ತನ್ನ ಪುಸ್ತಕದಲ್ಲಿ ಫಿಲಿಡಿಯಾ ವೆರಿಕೋಸಾ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ. ಇದರ ಹಾಗೇ ಕಾಣುವ ದಾಯಾದಿಗಳಿವೆ. ವೆರಿಕೋಸಾ ಆದರೆ ಪಾದದ ಅಡಿಯಲ್ಲಿ ಉದ್ದಕ್ಕೆ ಒಂದು ಕಪ್ಪು ಗೆರೆ ಇರಬೇಕು. ನಾವು ಮಗುಚಿ ನೋಡಲಿಲ್ಲ. ಆ ಚಿಹ್ನೆಯನ್ನು ಅಳಿಸಲು ಅವಳು ಬಿಡುತ್ತಿಲ್ಲ.

ನಮಸ್ಕಾರ.