ಮೊದಲು ನೀರು, ಆಮೇಲೆ ಮಿಕ್ಕಿದ್ದು

ಕೇಳುಗರಿಗೆ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಗಾಯದ ಆರೈಕೆ ಮತ್ತು ವೈದ್ಯರ ಬಳಿಗೆ ಯಾವಾಗ ಹೋಗಬೇಕು ಎಂಬುದು. ಕೊಟ್ಟಿರುವ ಸಮಯ ಕಾಲು ಗಂಟೆಗಿಂತ ಕಡಿಮೆ. ಹಾಗಾಗಿ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಕೇಳಿಸಿಕೊಂಡು ನೀವು ರೇಡಿಯೊ ಆರಿಸಿ ಎದ್ದುಹೋದರೂ ನನಗೆ ಬೇಸರವಿಲ್ಲ. ಗಾಯವನ್ನು ನೀರಿನಲ್ಲಿ ತೊಳೆಯಿರಿ. ನಲ್ಲಿಯ ಕೆಳಗೆ ಹಿಡಿದು, ಹರಿಯುವ ನೀರಿನಲ್ಲಿ, 5 ನಿಮಿಷ.

ಇಷ್ಟು ಹೇಳುವುದಕ್ಕೆ ಒಬ್ಬ ಶಸ್ತ್ರವೈದ್ಯನನ್ನು ಕರೆಸಬೇಕಿತ್ತೇ ಎಂದು ನೀವು ಕೇಳಬಹುದು. ಕರೆಸಬೇಕಿತ್ತು. 30 ವರ್ಷಗಳಿಂದ ಗಾಯಗಳನ್ನು ನೋಡುತ್ತಿದ್ದೇನೆ. ಎದುರಿಗೆ ಕುಳಿತವರನ್ನು ನಾನು ಕೇಳುವ ಮೊದಲ ಪ್ರಶ್ನೆ, "ಪೆಟ್ಟಾದ ಕೂಡಲೇ ಏನು ಮಾಡಿದಿರಿ?" ಉತ್ತರವಾಗಿ ಉದ್ದನೆಯ ವರದಿ ಬರುತ್ತದೆ. ಮುಲಾಮು ಹಚ್ಚಿದೆವು, ಪುಡಿ ಉದುರಿಸಿದೆವು, ಸ್ಪಿರಿಟ್ ಸುರಿದೆವು, ಪಕ್ಕದ ಮನೆಯವರ ಹತ್ತಿರ ಮಿಕ್ಕಿದ್ದ ಮಾತ್ರೆ ನುಂಗಿದೆವು. ತೊಳೆದಿರಾ ಎಂದರೆ ಮಾತ್ರ ಕೋಣೆಯಲ್ಲಿ ಮೌನ. ಸ್ವಲ್ಪ ಹೊತ್ತಿಗೆ ಅವರಲ್ಲಿ ಹಿರಿಯರೊಬ್ಬರು ನನಗೇ ಬುದ್ಧಿ ಹೇಳುತ್ತಾರೆ: "ಗಾಯಕ್ಕೆ ನೀರು ತಾಗಿದರೆ ಕೀವಾಗುವುದಿಲ್ಲವೇ, ಡಾಕ್ಟರೇ?"

ಆಗುವುದಿಲ್ಲ. ಕೀವಾಗುವುದು ಗಾಯದೊಳಗೆ ಉಳಿದುಹೋದ ಕೊಳೆಯಿಂದ. ಒಂದು ಕಾಳು ಮಣ್ಣು, ಬಟ್ಟೆಯ ಒಂದು ಎಳೆ, ಜೀವ ಹೋದ ಚರ್ಮದ ಒಂದು ಚೂರು, ಇವು ಒಳಗಿದ್ದರೆ ಕ್ರಿಮಿಗಳಿಗೆ ಮನೆ ಕಟ್ಟಿಕೊಟ್ಟಂತೆ. ನಂಜಾಗುವುದು ಅಲ್ಲಿಂದ. ನೀರು ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಹೊರಗೆ ದಬ್ಬುತ್ತದೆ. ಕೊಲ್ಲುವ ಕೆಲಸಕ್ಕೆ ನಿಮ್ಮ ರಕ್ತದ ಬಿಳಿಯ ಕಣಗಳಿವೆ. ಅವುಗಳಿಗೆ ಬೇಕಾಗಿರುವುದು ಗುಡಿಸಿದ ಅಂಗಳ. ಕುಡಿಯಲು ಯೋಗ್ಯವಾದ ನೀರು ಗಾಯ ತೊಳೆಯಲೂ ಯೋಗ್ಯ. ನಲ್ಲಿ ಇಲ್ಲವೇ? ತಂಬಿಗೆಯಿಂದ ತುಸು ಎತ್ತರದಿಂದ ಸುರಿಯಿರಿ. ನೀರಿಗೆ ಸ್ವಲ್ಪ ರಭಸ ಬೇಕು, ಅಷ್ಟೇ. ಸುತ್ತಲಿನ ಚರ್ಮಕ್ಕೆ ಸೋಪು ಹಾಕಿ.

ಸ್ಪಿರಿಟ್ ಬಗ್ಗೆ ಒಂದು ಮಾತು. ಸುರಿದರೆ ಉರಿಯುತ್ತದೆ, ಉರಿದರೆ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ನಮಗೆಲ್ಲ ಇದೆ. ಆ ಉರಿ ಕ್ರಿಮಿಯದಲ್ಲ, ನಿಮ್ಮದು. ಹೊಸದಾಗಿ ಹುಟ್ಟಬೇಕಾದ ಚರ್ಮದ ಕಣಗಳೂ ಅದರಲ್ಲಿ ಸಾಯುತ್ತವೆ. ಇನ್ನು ಹೈಡ್ರೋಜನ್ ಪೆರಾಕ್ಸೈಡ್ ಎಂಬ ದ್ರವ. ಹಾಕಿದ ಕೂಡಲೇ ಬುಸುಬುಸು ನೊರೆ ಬರುತ್ತದೆ, ನೋಡುವವರಿಗೆ ಬಹಳ ತೃಪ್ತಿ. ಆ ನೊರೆಯನ್ನು ಎಬ್ಬಿಸುವುದು ನಿಮ್ಮದೇ ರಕ್ತದಲ್ಲಿ, ಮಾಂಸದಲ್ಲಿ ಇರುವ ಒಂದು ಕಿಣ್ವ. ಸ್ವಚ್ಛವಾದ ಗಾಯಕ್ಕೆ ಹಾಕಿದರೂ ಅಷ್ಟೇ ನೊರೆ ಬರುತ್ತದೆ.

ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಸೈನ್ಯದಲ್ಲಿ ಆಂಬ್ರೋಸ್ ಪಾರೆ ಎಂಬ ಯುವ ಶಸ್ತ್ರವೈದ್ಯನಿದ್ದ. ಗುಂಡೇಟಿನ ಗಾಯದಲ್ಲಿ ಸಿಡಿಮದ್ದಿನ ವಿಷ ಇರುತ್ತದೆ, ಅದನ್ನು ಕುದಿಯುವ ಎಣ್ಣೆ ಹೊಯ್ದು ಸುಡಬೇಕು ಎಂಬುದು ಆಗಿನ ಶಾಸ್ತ್ರ. ಟ್ಯೂರಿನ್ ಕಡೆಯ ಯುದ್ಧದಲ್ಲಿ ಒಂದು ದಿನ ಅವನ ಎಣ್ಣೆ ಮುಗಿದುಹೋಯಿತು. ಬೇರೆ ದಾರಿಯಿಲ್ಲದೆ ಉಳಿದವರಿಗೆ ಉರಿಯದ ಒಂದು ಲೇಪ ಹಚ್ಚಿದ. ಇವರೆಲ್ಲ ವಿಷವೇರಿ ಸತ್ತೇಹೋಗುತ್ತಾರೆ ಎಂಬ ಭಯಕ್ಕೆ ರಾತ್ರಿ ನಿದ್ದೆ ಬರಲಿಲ್ಲ. ನಸುಕಿನಲ್ಲೇ ಎದ್ದು ಹೋಗಿ ನೋಡಿದರೆ, ಲೇಪ ಹಚ್ಚಿಸಿಕೊಂಡವರು ಹೆಚ್ಚು ನೋವಿಲ್ಲದೆ ಮಲಗಿದ್ದರು. ಎಣ್ಣೆ ಹೊಯ್ಸಿಕೊಂಡವರು ಜ್ವರದಲ್ಲಿ, ಬಾವಿನಲ್ಲಿ ನರಳುತ್ತಿದ್ದರು. ಇನ್ನೆಂದೂ ಹೀಗೆ ಸುಡುವುದಿಲ್ಲ ಎಂದು ಅವನು ಅವತ್ತೇ ನಿಶ್ಚಯಿಸಿದ. ಅಂದಿನಿಂದ ಇಂದಿಗೆ ಸುಮಾರು 500 ವರ್ಷ. ನಾವಿನ್ನೂ ಗಾಯಕ್ಕೆ ಸ್ಪಿರಿಟ್ ಸುರಿದು ಮಗುವಿನ ಕೈ ಅದುಮಿ ಹಿಡಿಯುತ್ತಿದ್ದೇವೆ.

ತೊಳೆದಾಯಿತು. ಮುಂದೇನು? ಮುಚ್ಚಿ. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಎಂಬುದು ಇನ್ನೊಂದು ಹಳೆಯ ಮಾತು. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ 1962ರಲ್ಲಿ ಹಂದಿಗಳ ಚರ್ಮದ ಮೇಲೆ ಇದನ್ನು ಪರೀಕ್ಷಿಸಿದರು. ಹಕ್ಕಳೆ ಕಟ್ಟಲು ಬಿಟ್ಟ ಗಾಯಕ್ಕಿಂತ ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆಯಿತು. ಹಕ್ಕಳೆಯ ಕೆಳಗೆ ಹೊಸ ಚರ್ಮ ದಾರಿ ಕೊರೆದುಕೊಂಡು ಹೋಗಬೇಕು, ತೇವದಲ್ಲಿ ಜಾರಿಕೊಂಡು ಹೋಗುತ್ತದೆ. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಮೇಲೊಂದು ಸ್ವಚ್ಛವಾದ ಪಟ್ಟಿ. ಪಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಿ, ಒದ್ದೆಯಾದರೆ ಕೂಡಲೇ ಬದಲಿಸಿ. ಬದಲಿಸುವಾಗ ಏನು ಮಾಡಬೇಕು? ನೀರಿನಲ್ಲಿ ತೊಳೆಯಬೇಕು.

ಈಗ ನಾನು ಎಲ್ಲಿ ಮಾತನಾಡಿದರೂ ಹೇಳುವ ಒಂದು ಪ್ರಸಂಗ. ನಮ್ಮ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠವಾಗಿದೆ, ನಿಮಗೆ ಹೊಸದು.

ಒಬ್ಬರು ದರ್ಜಿ. ವಯಸ್ಸು 60 ದಾಟಿತ್ತು, ಸಕ್ಕರೆ ಕಾಯಿಲೆಯಾಗಿ 15 ವರ್ಷ. ಬಲಗಾಲಿನ ಅಡಿಯಲ್ಲಿ, ಬೆರಳುಗಳ ಬುಡದ ಹತ್ತಿರ ನಾಣ್ಯದಗಲ ಗಾಯ. ಗಾಯವಾಗಿ 12 ದಿನಗಳಾಗಿದ್ದವು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರೆ ಜೊತೆಗೆ ಬಂದಿದ್ದ ಅವರ ಹೆಂಡತಿಗೆ ಸಿಟ್ಟು ಬಂದಿತು. "ಯಾವುದರಲ್ಲಿ ಕೊರತೆ ಮಾಡಿದ್ದೇವೆ?" ಎಂದು ಚೀಲದಿಂದ ಮೂರು ಬಗೆಯ ಮುಲಾಮು, ಒಂದು ಡಬ್ಬಿ ಪುಡಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ನೀರನ್ನು ಮಾತ್ರ ಹತ್ತಿರಕ್ಕೆ ಬಿಟ್ಟಿರಲಿಲ್ಲ. ಸ್ನಾನ ಮಾಡುವಾಗ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದರಂತೆ. ಗಾಯದ ಮೇಲೆ ಪುಡಿಯೂ ಮುಲಾಮೂ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ನೋವಿದೆಯೇ ಎಂದೆ. "ಸ್ವಲ್ಪವೂ ಇಲ್ಲ" ಎಂದರು, ಹೆಮ್ಮೆಯಿಂದ. ನನಗೆ ಹೆದರಿಕೆಯಾದದ್ದು ಆಗಲೇ.

ನಿಮ್ಮ ಬೂಟು ಕೊಡಿ ಎಂದೆ. ಕಾಲು ನೋಡುವುದನ್ನು ಬಿಟ್ಟು ಬೂಟು ಕೇಳುತ್ತಾನಲ್ಲ ಎಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಒಳಗೆ ಕೈ ಹಾಕಿ ತುದಿಯವರೆಗೆ ತಡಕಿದೆ. ಬೆರಳಿಗೆ ಸಿಕ್ಕಿದ್ದು ಒಂದು ಗುಂಡಿ. ಕೋಟಿನ ಗುಂಡಿ, ಕಂದು ಬಣ್ಣದ್ದು, ನಾಲ್ಕು ತೂತಿನದು. ಅವರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದು ನೋಡಿದರು. ಕಾಲು ಮರೆತೇಹೋಗಿತ್ತು. "ಇದೇ! ಆ ಕೋಟಿನ ಮೂರನೆಯ ಗುಂಡಿ! ಅಂಗಡಿಯೆಲ್ಲ ಗುಡಿಸಿ ಹುಡುಕಿದ್ದೇನೆ. ಇದಕ್ಕೆ ಜೊತೆ ಸಿಗದೆ ಉಳಿದ ಗುಂಡಿಗಳನ್ನೂ ಕಿತ್ತು ಬೇರೆ ಹಾಕಬೇಕಾಯಿತು."

ಆ ಗುಂಡಿಯ ಮೇಲೆ ಅವರು 12 ದಿನ ನಡೆದಾಡಿದ್ದರು. ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ನರಗಳು ಸೋಲುತ್ತವೆ. ನೋವು ಎಂಬ ಕಾವಲುಗಾರ ಕೆಲಸ ಬಿಟ್ಟುಹೋಗಿರುತ್ತಾನೆ, ಮನೆಯ ಯಜಮಾನನಿಗೆ ಗೊತ್ತಿರುವುದಿಲ್ಲ. ಗಾರೆಯನ್ನು ತೊಳೆದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಕೆಳಗೆ ನಂಜು ಮೂಳೆಯವರೆಗೆ ಹೋಗಿತ್ತು. ಕಾಲು ಉಳಿಯಿತು, ಎರಡನೆಯ ಬೆರಳು ಉಳಿಯಲಿಲ್ಲ. ಆಮೇಲೆ ಪ್ರತಿ ಸಲ ತೋರಿಸಲು ಬಂದಾಗಲೂ ನಾನು ಕೇಳುವ ಮೊದಲೇ ಬೂಟನ್ನು ಕಳಚಿ, ತಲೆಕೆಳಗು ಮಾಡಿ, ನನ್ನ ಮೇಜಿನ ಕಾಲಿಗೆ ಎರಡು ಸಲ ಬಡಿದು ತೋರಿಸುತ್ತಿದ್ದರು. ಸಕ್ಕರೆ ಕಾಯಿಲೆ ಇರುವವರೇ, ನಿಮಗೆ ಹೇಳುತ್ತಿದ್ದೇನೆ. ದಿನಕ್ಕೊಮ್ಮೆ ಪಾದದ ಅಡಿಯನ್ನು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯಿರಿ. ಹಾಕಿಕೊಳ್ಳುವ ಮೊದಲು ಬೂಟು ಬಡಿಯಿರಿ. ಪಾದದಲ್ಲಿ ಎಷ್ಟೇ ಸಣ್ಣ ಗಾಯ ಕಂಡರೂ ತೊಳೆದು, ಮುಚ್ಚಿ, ವೈದ್ಯರಿಗೆ ತೋರಿಸಿ. ನೋವಿಲ್ಲ ಎಂಬುದು ನಿಮ್ಮ ಮಟ್ಟಿಗೆ ಒಳ್ಳೆಯ ಸುದ್ದಿಯಲ್ಲ.

ಗಾಜಿನ ಆಚೆಯಿಂದ ನಾಲ್ಕು ಬೆರಳು ತೋರಿಸುತ್ತಿದ್ದಾರೆ. ನಾಲ್ಕೇ ನಿಮಿಷ! ಗುಂಡಿಯ ಕಥೆ ಯಾವಾಗಲೂ ಹೀಗೆಯೇ ಸಮಯ ತಿನ್ನುತ್ತದೆ. ವೈದ್ಯರ ಬಳಿಗೆ ಯಾವಾಗ ಹೋಗಬೇಕು ಎಂಬುದನ್ನು ಓಡುತ್ತಲೇ ಹೇಳುತ್ತೇನೆ.

ರಕ್ತ ಜೋರಾಗಿ ಹರಿಯುತ್ತಿದ್ದರೆ ತೊಳೆಯುತ್ತಾ ನಿಲ್ಲಬೇಡಿ. ನನ್ನ ನೀರಿನ ಮಾತಿಗೆ ಇದೊಂದು ರಿಯಾಯಿತಿ. ಸ್ವಚ್ಛವಾದ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು, ಗಡಿಯಾರ ನೋಡಿಕೊಂಡು 10 ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ, ನೋಡಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಕಿತ್ತುಕೊಳ್ಳುತ್ತದೆ. 10 ನಿಮಿಷಕ್ಕೂ ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. ರಕ್ತ ಚಿಮ್ಮುತ್ತಿದ್ದರೆ ಆ 10 ನಿಮಿಷವನ್ನೂ ಕಾಯಬೇಡಿ, ಒತ್ತಿ ಹಿಡಿದು ಕೂಡಲೇ ಹೊರಡಿ. ಏನಾದರೂ ಆಳವಾಗಿ ನಾಟಿಕೊಂಡಿದ್ದರೆ ಕೀಳಬೇಡಿ. ರಕ್ತನಾಳಕ್ಕೆ ಅದೇ ಬಿರಡೆಯಾಗಿ ನಿಂತಿರಬಹುದು.

ಗಾಯ ಬಾಯಿ ತೆರೆದುಕೊಂಡಿದ್ದರೆ, ಒಳಗೆ ಹಳದಿಯ ಕೊಬ್ಬು ಕಾಣುತ್ತಿದ್ದರೆ ಹೊಲಿಗೆ ಬೇಕು. ಕೈ ಕೊಯ್ದುಕೊಂಡಾಗ ಬೆರಳುಗಳನ್ನು ಒಂದೊಂದಾಗಿ ಮಡಚಿ, ನೀಡಿ ನೋಡಿ. ಯಾವುದಾದರೂ ಒಂದು ಮಾತು ಕೇಳದಿದ್ದರೆ, ಅಥವಾ ಮರಗಟ್ಟಿದ್ದರೆ, ಸ್ನಾಯುರಜ್ಜುವೋ ನರವೋ ತುಂಡಾಗಿರಬಹುದು. ಇವೆಲ್ಲಕ್ಕೂ ಅದೇ ದಿನ, ಆದಷ್ಟು 6 ಗಂಟೆಯೊಳಗೆ ಬನ್ನಿ. ಬೆಳಿಗ್ಗೆ ನೋಡೋಣ ಎಂದು ಮಲಗಬೇಡಿ. ಬೆಳಗಾಗುವಷ್ಟರಲ್ಲಿ ನಾವು ಹೊಲಿಯುವ ಧೈರ್ಯ ಮಾಡಲಾಗದ ಗಾಯವಾಗಿರಬಹುದು.

ಮೊಳೆ ಚುಚ್ಚಿದ ಗಾಯಕ್ಕೆ ಬಾಯಿ ಸಣ್ಣದು, ಆಳ ಹೆಚ್ಚು. ನೀರು ತಳ ಮುಟ್ಟುವುದಿಲ್ಲ. ಅದನ್ನು ತೋರಿಸಲೇಬೇಕು. ಧನುರ್ವಾಯುವಿನ ಲಸಿಕೆ ಹಾಕಿಸಿಕೊಂಡು 5 ವರ್ಷ ದಾಟಿದ್ದರೆ, ಇಂಥ ಗಾಯವಾದಾಗ ಮತ್ತೆ ಹಾಕಿಸಿಕೊಳ್ಳಬೇಕು. ಆ ಕ್ರಿಮಿ ತುಕ್ಕಿನಲ್ಲಿ ಹುಟ್ಟುವುದಲ್ಲ, ಮಣ್ಣಿನಲ್ಲಿರುವುದು. ಮೊಳೆ ಹೊಳೆಯುತ್ತಿತ್ತು ಎಂಬ ಸಮಾಧಾನ ಬೇಡ.

ನಾಯಿ ಕಚ್ಚಿದರೆ ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ. 5 ಅಲ್ಲ, 15. ತೊಳೆದ ಮೇಲೆ ಅದೇ ದಿನ ಲಸಿಕೆಗೆ ಹೊರಡಬೇಕು. ಗೀರು ಸಣ್ಣದೋ ದೊಡ್ಡದೋ ಎಂಬ ಲೆಕ್ಕಾಚಾರ ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನುಷ್ಯರ ಹಲ್ಲೂ ಕಡಿಮೆಯೇನಲ್ಲ. ಜಗಳದಲ್ಲಿ ಇನ್ನೊಬ್ಬರ ಹಲ್ಲಿಗೆ ಗುದ್ದಿ ಗೆಣ್ಣು ಕಿತ್ತುಹೋದವರು ನಾಚಿಕೆ ಬಿಟ್ಟು ಬಂದು ನಿಜ ಹೇಳಿ. ಕೀಲಿನೊಳಗೆ ನಂಜಾಗುತ್ತದೆ.

ಸುಟ್ಟರೆ ಹರಿಯುವ ತಣ್ಣೀರು, 20 ನಿಮಿಷ. ಮಂಜುಗಡ್ಡೆ ಬೇಡ, ಟೂತ್‌ಪೇಸ್ಟ್ ಖಂಡಿತ ಬೇಡ. ಅಂಗೈಗಿಂತ ಅಗಲವಾಗಿ ಸುಟ್ಟಿದ್ದರೆ, ಅಥವಾ ಮುಖ, ಕೈ, ಕೀಲುಗಳು ಸುಟ್ಟಿದ್ದರೆ, 20 ನಿಮಿಷ ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ.

ಇನ್ನು ಮನೆಯಲ್ಲೇ ಮಾಯುತ್ತಿರುವ ಗಾಯ. ಎರಡು ದಿನ ಕಳೆದ ಮೇಲೆ ನೋವು ಇಳಿಯಬೇಕು. ಏರುತ್ತಿದ್ದರೆ ಏನೋ ತಪ್ಪಿದೆ. ಸುತ್ತಲಿನ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಕೆಲವು ಗಂಟೆ ಬಿಟ್ಟು ನೋಡಿದಾಗ ಕೆಂಪು ಗೆರೆ ದಾಟಿದ್ದರೆ ಹೊರಡಿ. ಕೀವು, ದುರ್ವಾಸನೆ ಇದ್ದರೆ ಹೊರಡಿ. ಗಾಯದಿಂದ ಕಂಕುಳಿನ ಕಡೆಗೋ ತೊಡೆಸಂದಿನ ಕಡೆಗೋ ಕೆಂಪು ಗೆರೆಯೊಂದು ಹೊರಟಿದ್ದರೆ, ಜ್ವರ ಚಳಿ ಬಂದಿದ್ದರೆ ಅದು ರಾತ್ರಿಯಾದರೂ ಹೊರಡಿ.

ಬೆರಳು ಈಗ ಒಂದಾಗಿದೆ. ಹೊಲಿಗೆ ಹಾಕಿಸಿಕೊಂಡವರು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗೆ ಉತ್ತರ ಹೇಳಿ ಏಳುತ್ತೇನೆ. ಸ್ನಾನ ಎಷ್ಟು ದಿನ ಮಾಡಬಾರದು? ಎರಡು ದಿನ ಕಳೆಯಲಿ, ಆಮೇಲೆ ಮಾಡಿ. ಹೊಲಿಗೆಯ ಮೇಲೆ ನೀರು ಬೀಳಲಿ, ಏನೂ ಆಗುವುದಿಲ್ಲ. ಉಜ್ಜಬೇಡಿ, ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿಕೊಳ್ಳಿ. ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಬೇಡಿ.

ನಮಸ್ಕಾರ.